ಹೋಗದ ಊರಿಗೆ ದಾರಿ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ನನ್ನ ಅಂಗಡಿಗೆ ಜನ ಬ್ಯಾಗು ಕೊಳ್ಳಲು ಬರುವುದಿಲ್ಲ, ಊರು ಆರಿಸಿಕೊಳ್ಳಲು ಬರುತ್ತಾರೆ. ಬ್ಯಾಗು ಏನಿದ್ದರೂ ಆ ಊರಿನ ಜೊತೆಗೆ ಕೊಸರು ಬಂದ ಸಾಮಾನು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವುದು ಕೇಳಿಸುವಷ್ಟು ಹತ್ತಿರದಲ್ಲಿದೆ ನಮ್ಮ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಅಪ್ಪನ ಕಾಲದಲ್ಲಿ ಕೊಡೆ, ಕೈಚೀಲ, ತಗಡಿನ ಟ್ರಂಕು ಮಾರುತ್ತಿದ್ದೆವು. ಈಗ ಎಲ್ಲಕ್ಕೂ ಚಕ್ರ ಬಂದಿದೆ. ಆ ಚಕ್ರದ ಸೂಟ್‌ಕೇಸುಗಳನ್ನು ಬೆಳಿಗ್ಗೆ ಹೊರಗೆ ಉರುಳಿಸಿಕೊಂಡು ಹೋಗಿ ಸಾಲಾಗಿ ನಿಲ್ಲಿಸುವುದು, ಸಂಜೆ ಮತ್ತೆ ಒಳಗೆ ಎಳೆದು ತರುವುದು, ಇದು ನನ್ನ ನಿತ್ಯದ ಪ್ರಯಾಣ. ಇದಕ್ಕಿಂತ ದೂರದ ಪ್ರಯಾಣ ನನ್ನ ಹಣೆಯಲ್ಲಿ ಬರೆದಿಲ್ಲ. ಯಾಕೆ ಬರೆದಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ, ಹೇಳಲು ಸ್ವಲ್ಪ ನಾಚಿಕೆ.

ಈ ಸಲ ಬೇಸಿಗೆ ರಜೆಗೆ ಮೊದಲು ಬಂದವರು ಕುಂತೂರಿನ ಗುರುಸಿದ್ದಪ್ಪ ಮತ್ತು ಅವನ ಹೆಂಡತಿ. ಕಬ್ಬು ಕಡಿದು ಫ್ಯಾಕ್ಟರಿಗೆ ಸಾಗಿಸಿ ಕೈ ತೊಳೆದುಕೊಂಡ ಮೇಲೆ ಇವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗುತ್ತಾರೆ. ಹೋಗುವ ಮುಂಚೆ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಜಗಳ ಆಡಲೇಬೇಕು.

“ಸಾ, ಊಟಿಗೋಗದಾ, ಧರ್ಮಸ್ಥಳಕ್ಕೋಗದಾ? ನೀವ್ ಯೋಳ್ದಂಗೆ” ಎಂದ ಗುರುಸಿದ್ದಪ್ಪ.

“ಇವ್ರ್ನೇನ್ ಕೇಳೀರಿ? ಮೊದ್ಲು ದೇವ್ರು, ಆಮೇಲ್ ಚಳಿ” ಎಂದಳು ಅವನ ಹೆಂಡತಿ.

ನಾನು ನ್ಯಾಯಾಧೀಶರ ಹಾಗೆ ಗಂಟಲು ಸರಿಮಾಡಿಕೊಂಡು, ಊಟಿಗಾದರೆ ಬೆಳಿಗ್ಗೆ ಬೇಗ ಹೊರಡಬೇಕು, ಮಧ್ಯಾಹ್ನ ಹೋದರೆ ಕಾರುಗಳ ಹಿಂಭಾಗ ಬಿಟ್ಟು ಬೇರೇನೂ ಕಾಣಿಸುವುದಿಲ್ಲ, ಧರ್ಮಸ್ಥಳಕ್ಕಾದರೆ ಶನಿವಾರ ಭಾನುವಾರ ಬೇಡ, ಊಟದ ಸಾಲಿನಲ್ಲಿ ಮಕ್ಕಳು ನಿದ್ದೆ ಹೋಗುತ್ತವೆ ಎಂದೆಲ್ಲ ಹೇಳಿದೆ. ಇಬ್ಬರೂ ತಲೆದೂಗಿದರು. ತೀರ್ಮಾನ ಮಾತ್ರ ಆಗಲಿಲ್ಲ. ಒಂದು ಸೂಟ್‌ಕೇಸು ಕೊಂಡು, ಜಗಳವನ್ನು ಅದರೊಳಗೇ ಇಟ್ಟುಕೊಂಡು ಊರಿಗೆ ಹೋದರು.

ನೀವು ಕೇಳಬಹುದು, ಅಂಗಡಿ ಬಿಟ್ಟು ಕದಲದವನಿಗೆ ಊಟಿಯ ಕಾರುಗಳ ಹಿಂಭಾಗ ಹೇಗೆ ಗೊತ್ತು ಅಂತ. ಹೋದವರು ತಿರುಗಿ ಬರುತ್ತಾರಲ್ಲ! ಬರುವಾಗ ಬ್ಯಾಗಿನ ಜಿಪ್ಪು ಕಿತ್ತು ಹೋಗಿರುತ್ತದೆ. ಅದನ್ನು ಸರಿಮಾಡುತ್ತಾ “ಹೆಂಗಿತ್ತು ಊರು?” ಎಂದು ಒಂದು ಮಾತು ಕೇಳಿದರೆ ಸಾಕು. ಕೊಡೈಕನಾಲಿನಲ್ಲಿ ಕಳೆದುಹೋದ ಕುಲಾವಿ, ಗೋಕರ್ಣದಲ್ಲಿ ಉಪ್ಪು ಜಾಸ್ತಿಯಾದ ಸಾರು, ಪಳನಿ ಮೆಟ್ಟಿಲ ಮೇಲೆ ಅತ್ತೆ ಸೊಸೆ ಮಾತು ಬಿಟ್ಟದ್ದು, ಎಲ್ಲ ಹೊರಗೆ ಬರುತ್ತದೆ. ಒಬ್ಬರ ಅನುಭವಕ್ಕೆ ಸ್ವಲ್ಪ ಇಸ್ತ್ರಿ ಹಾಕಿ ಮುಂದಿನವರಿಗೆ ಬುದ್ಧಿಮಾತಾಗಿ ಕೊಡುತ್ತೇನೆ. ‘ಹೋಗದ ಊರಿಗೆ ದಾರಿ ಕೇಳಬೇಡ’ ಎಂದು ದೊಡ್ಡವರು ಹೇಳಿದ್ದಾರೆ. ದಾರಿ ಹೇಳಬೇಡ ಎಂದು ಯಾರೂ ಹೇಳಿಲ್ಲ.

ಈಗ ನಾಚಿಕೆಯ ವಿಷಯ. ನನಗೆ ಬಸ್ಸು ಆಗುವುದಿಲ್ಲ. ಕಾರೂ ಆಗುವುದಿಲ್ಲ. ದಾರಿ ನೆಟ್ಟಗಿದ್ದರೆ ಹೇಗೋ ತಡೆದುಕೊಳ್ಳುತ್ತೇನೆ, ಒಂದು ತಿರುವು ಬಂತೋ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತದೆ. ಚಿಕ್ಕವನಾಗಿದ್ದಾಗ ಹನೂರಿನ ದೊಡ್ಡವ್ವನ ಮನೆಗೆ ಹೋಗುವುದೆಂದರೆ ಅವ್ವ ಯುದ್ಧಕ್ಕೆ ಹೊರಟವಳಂತೆ ಸಿದ್ಧವಾಗುತ್ತಿದ್ದಳು. ನಿಂಬೆಹಣ್ಣು ಮೂಸಿಸುವಳು, ಹುಣಸೆಹಣ್ಣಿಗೆ ಉಪ್ಪು ಹಚ್ಚಿ ದವಡೆಗೆ ಇಡುವಳು, ಬೀಗದ ಕೈ ಮುಷ್ಟಿಯಲ್ಲಿ ಹಿಡಿಸುವಳು. ಯಾರೋ ಹೇಳಿದರೆಂದು ಅಂಗಿಯ ಒಳಗೆ ಹೊಟ್ಟೆಗೆ ನ್ಯೂಸ್‌ಪೇಪರನ್ನೂ ಕಟ್ಟಿದ್ದುಂಟು. ನಾನು ಪೇಪರಿನ ಸದ್ದು ಮಾಡುತ್ತಾ, ಹುಣಸೆಹಣ್ಣು ಚೀಪುತ್ತಾ, ಮಧುವನಹಳ್ಳಿ ದಾಟುವುದರೊಳಗೆ ಅವ್ವನ ಮಡಿಲು ಹಾಳು ಮಾಡುತ್ತಿದ್ದೆ. ಕಂಡಕ್ಟರು ಗದರಿದರೆ ಅವ್ವ, “ಮಗ ಕಣಣ್ಣಾ, ಬೇಕು ಅಂತ ಕಕ್ತದಾ?” ಎನ್ನುತ್ತಾ ಸೆರಗಿನಿಂದಲೇ ನನ್ನ ಬಾಯಿ ಒರೆಸುತ್ತಿದ್ದಳು. ಆ ಸೆರಗಿನ ಹುಳಿ ವಾಸನೆಯೇ ನನ್ನ ಬಾಲ್ಯದ ಪ್ರವಾಸಕಥನ.

ದೊಡ್ಡವನಾದರೆ ಸರಿಹೋಗುತ್ತದೆ ಎಂದರು. ದೊಡ್ಡವನಾದೆ, ಸರಿಹೋಗಲಿಲ್ಲ. ನಾನೇ ಟಿವಿಎಸ್ ಓಡಿಸಿಕೊಂಡು ಹೋದರೆ ಮಾತ್ರ ಏನೂ ಆಗುವುದಿಲ್ಲ. ಯಳಂದೂರಿಗೆ ದಾರಿ ನೆಟ್ಟಗಿರುವುದರಿಂದ ಬಸ್ಸಿನಲ್ಲೇ ಮರ್ಯಾದೆಯಿಂದ ಹೋಗಿ ಬರುತ್ತೇನೆ. ಮಗಳನ್ನು ಅಲ್ಲಿಗೇ ಕೊಟ್ಟಿದ್ದೇವೆ. ವರ ಹುಡುಕುವಾಗ ಗುಣ, ಕುಲ, ಕೆಲಸ ಎಲ್ಲ ನೋಡಿದೆವು ನಿಜ. ನಾನು ಗುಟ್ಟಾಗಿ ರಸ್ತೆಯನ್ನೂ ನೋಡಿದ್ದೆ.

ಇಂಥವನಿಗೆ ಹೆಣ್ಣು ಸಿಕ್ಕಿದ್ದೇ ಪ್ರವಾಸದ ಹೆಸರಿನಲ್ಲಿ ಎಂದರೆ ನಗುತ್ತೀರಿ. ಲೊಕ್ಕನಹಳ್ಳಿಯಿಂದ ಒಬ್ಬ ಹುಡುಗ ಸ್ನೇಹಿತರ ಜೊತೆ ಕೊಡೈಕನಾಲಿಗೆ ಹೋಗಲು ಬ್ಯಾಗು ಕೊಳ್ಳಲು ಬಂದಿದ್ದ. ನಾನು ಎಂದಿನಂತೆ ಕೆರೆಯ ಸುತ್ತ ಎಲ್ಲಿಂದ ನಡೆಯಬೇಕು, ಮಂಜು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದೆಲ್ಲ ಹೇಳಿ ಕಳಿಸಿದೆ. ಎಲ್ಲವೂ ಹೇಳಿದ ಹಾಗೇ ಇತ್ತಂತೆ. ಅವನು ಊರಿಗೆ ಹೋಗಿ, “ಕೊಳ್ಳೇಗಾಲದಲ್ಲಿ ಒಬ್ಬ ಅವ್ನೆ, ಲೋಕವೆಲ್ಲ ಸುತ್ತಿರೋನು” ಎಂದು ಮನೆಯಲ್ಲಿ ಹೊಗಳಿದ. ಅವನಿಗೊಬ್ಬಳು ತಂಗಿ, ನಾಗರತ್ನ. ಆನೆ ಬಂದು ಜೋಳ ತುಳಿಯುವ ಕಾಡಂಚಿನ ಹೊಲ ಬಿಟ್ಟು ಬೇರೇನೂ ಕಾಣದ ಹುಡುಗಿ. ಜಾತಕ ಕೂಡಿತು. ನಾನು ಲೋಕ ಸುತ್ತಿದ್ದೇನೆಂದು ನಾನಾಗಿ ಎಲ್ಲೂ ಹೇಳಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಮದುವೆಯಾದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗದಿದ್ದರೆ ನಮ್ಮಲ್ಲಿ ಮದುವೆಯೇ ಅಲ್ಲ. ಹೊಸ ಪಂಚೆ, ಹೊಸ ಹೆಂಡತಿ, ಬಸ್ಸಿನಲ್ಲಿ ಮುಂದಿನ ಸೀಟು. ಹನೂರು ದಾಟಿತು, ಕೌದಳ್ಳಿ ದಾಟಿತು. ನಾನು ಕಣ್ಣುಮುಚ್ಚಿ ಉಘೇ ಉಘೇ ಎನ್ನುತ್ತಾ ಕುಳಿತಿದ್ದೆ. ಭಕ್ತಿ ಎಂದುಕೊಂಡಳಂತೆ. ಬೆಟ್ಟದ ಬುಡದ ತಾಳಬೆಟ್ಟ ಇನ್ನೇನು ಬಂತು ಎನ್ನುವಾಗ ಒಂದು ತಿರುವು ಬಂತು. ಆಮೇಲೆ ನಡೆದದ್ದನ್ನು ವಿವರಿಸುವುದಿಲ್ಲ, ಹೊಸ ಪಂಚೆ ಹಳೆಯದಾಯಿತು ಎಂದರೆ ಸಾಕು. ಬಸ್ಸಿಗೆ ಬಸ್ಸೇ ನನ್ನ ಕಡೆ ನೋಡುತ್ತಿತ್ತು. ಅವಳು ಮಾತ್ರ ಎದ್ದು, ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿ, ನನ್ನನ್ನು ತೋಳು ಹಿಡಿದು ತಾಳಬೆಟ್ಟದಲ್ಲಿ ಇಳಿಸಿಕೊಂಡಳು. ನೀರು ಕೊಟ್ಟಳು. ಮುಖ ತೊಳೆಸಿದಳು. ನಾನು ತಲೆ ಎತ್ತಲಿಲ್ಲ.

“ಕೊಡೈಕನಾಲಿಗೆ ಎಂಗ್ ಓಗಿದ್ರಿ?” ಎಂದು ಕೇಳಿದಳು.

“ಓಗಿಲ್ಲ” ಎಂದೆ.

“ಅಂಗಾರೆ ನಮ್ಮಣ್ಣಂಗೆ ಯೋಳಿದ್ದೆಲ್ಲ ಸುಳ್ಳಾ?”

“ಸುಳ್ಳಲ್ಲ. ಕೇಳಿದ್ದು.”

ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. “ನಡೀರಿ, ಮೆಟ್ಲ ದಾರೀಲೆ ಓಗಮ. ನಮ್ಮಪ್ಪ ಅಮಾಸೆಗೆ ನಡ್ಕಂಡೇ ಓಯ್ತಿದ್ದುದ್ದು. ನೀವು ಕೇಳಿದ್ನೆಲ್ಲ ನಂಗ್ ಯೋಳ್ಕಂಡು ಬನ್ನಿ” ಎಂದಳು.

ಕಾಡಿನ ನಡುವೆ ಆ ಬೆಟ್ಟ ಹತ್ತುತ್ತಾ ನಾನು ಅವಳಿಗೆ ಕೊಡೈಕನಾಲು ಹೇಳಿದೆ, ಕನ್ಯಾಕುಮಾರಿ ಹೇಳಿದೆ, ಜೋಗ ಹೇಳಿದೆ. ಏದುಸಿರು ಬಂದಲ್ಲಿ ಊರು ಬದಲಾಯಿಸಿದೆ. ದೇವಸ್ಥಾನ ಕಾಣಿಸುವ ಹೊತ್ತಿಗೆ ನನಗೆ ಗೊತ್ತಿದ್ದ ಊರೆಲ್ಲ ಮುಗಿದಿತ್ತು. ಅವಳು ಎಲ್ಲಕ್ಕೂ ತಲೆಯಾಡಿಸುತ್ತಾ ಹತ್ತಿದಳು. ಸಮುದ್ರದ ವಿಷಯ ಬಂದಾಗ ಮಾತ್ರ, “ಅದ್ರಾಚೆ ದಡ ಕಾಣಲ್ವಾ?” ಎಂದು ಕೇಳಿದಳು. ಕಾಣುವುದಿಲ್ಲವಂತೆ ಎಂದೆ. “ಕಾಣ್ದಿದ್ರೆ ಎಂಗೋ ಇರ್ತದೆ” ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಸಂಸಾರ. ರಜೆ ಬಂದರೆ ಊರಿಗೆಲ್ಲ ಪ್ರವಾಸ, ನಮಗೆ ವ್ಯಾಪಾರ. ಅವಳು ಎಂದೂ ಎಲ್ಲಿಗೂ ಕರೆದುಕೊಂಡು ಹೋಗಿ ಎನ್ನಲಿಲ್ಲ. ಟಿವಿಎಸ್‌ನಲ್ಲಿ ಲೊಕ್ಕನಹಳ್ಳಿಗೆ ಹೋಗುತ್ತೇವೆ, ಒಮ್ಮೆ ಹೂಗ್ಯಂ ತನಕವೂ ಹೋಗಿದ್ದೆವು. ಅದೇ ನಮ್ಮ ಊಟಿ. ಆದರೆ ಒಂದು ವಿಷಯ ನನಗೆ ಬಹಳ ತಡವಾಗಿ ಗಮನಕ್ಕೆ ಬಂತು. ಅಂಗಡಿಯಲ್ಲಿ ನಾನು ಯಾರಿಗಾದರೂ ಬೆಟ್ಟದ ವಿಷಯ ಹೇಳುತ್ತಿದ್ದರೆ ಪರದೆಯ ಹಿಂದೆ ಪಾತ್ರೆ ಸದ್ದು ಮಾಡುತ್ತಿರುತ್ತದೆ. ಗುಡಿಯ ವಿಷಯ ಹೇಳಿದರೂ ಮಾಡುತ್ತಿರುತ್ತದೆ. ಸಮುದ್ರದ ವಿಷಯ ತೆಗೆದರೆ ನಿಂತುಹೋಗುತ್ತದೆ. ನಾನು ಮಾತು ಮುಗಿಸಿದ ಮೇಲೆ ಮತ್ತೆ ಶುರುವಾಗುತ್ತದೆ. ಒಂದೆರಡು ಸಲ ಪರೀಕ್ಷೆಗೆಂದು ಬೇಕೆಂದೇ ಸಮುದ್ರ ತೆಗೆದು ನೋಡಿದೆ. ನಿಂತಿತು. ನನಗೆ ಹೊಟ್ಟೆಯಲ್ಲಿ ಬಸ್ಸು ಹತ್ತಿದಂತಾಯಿತು.

ಗುರುಸಿದ್ದಪ್ಪ ಬಂದು ಹೋದ ವಾರದಲ್ಲೇ ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಜಯಮ್ಮಕ್ಕ ಬಂದರು. ಸಂಘದ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಪಳನಿ, ಮಧುರೆ, ರಾಮೇಶ್ವರ, ಕನ್ಯಾಕುಮಾರಿಗೆ ಹೊರಟಿದ್ದರು. ಒಂದೇ ಬಣ್ಣದ ಬ್ಯಾಗು ಬೇಕಂತೆ, ಕಳೆದುಹೋದರೆ ಗೊತ್ತಾಗಲಿ ಎಂದು. ಎಲ್ಲರದೂ ಒಂದೇ ಬಣ್ಣವಾದರೆ ಯಾರದು ಕಳೆಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಲಿಲ್ಲ, ವ್ಯಾಪಾರ ನೋಡಿ.

ಬ್ಯಾಗು ಆರಿಸಿ ಮುಗಿದ ಮೇಲೆ ಜಯಮ್ಮಕ್ಕ ಪರದೆಯ ಕಡೆಗೆ ಗಟ್ಟಿಯಾಗಿ ಹೇಳಿದರು: “ರತ್ನಾ, ನೀನು ಬರ್ಲೇಬೇಕು ಕನವ್ವ. ನಿಂಗ್ ತಮಿಳ್ ಬತ್ತದೆ. ನೀನಿಲ್ದಿದ್ರೆ ನಾವು ಅಲ್ಲಿ ಬಾಯಿಲ್ದೋರಂಗೆ ಕೈಸನ್ನೆ ಮಾಡ್ಕಂಡು ತಿರುಗ್ಬೇಕಾಯ್ತದೆ.”

ಲೊಕ್ಕನಹಳ್ಳಿ ಕಡೆಯವರಿಗೆ ತಮಿಳು ಅರ್ಧ ತಾಯಿನುಡಿ. ರತ್ನ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, “ನಾನೆಲ್ಲಿಗೋಗ್ಲಿ ಅಕ್ಕಾ. ಅಂಗಡಿ ಸೀಸನ್ನು. ಅತ್ತೆ ಅವ್ರೆ. ಇವ್ರ್ಗೆ ಅನ್ನ ಬೇಯ್ಸಕ್ಕೂ ಬರಲ್ಲ” ಎಂದಳು. ಎಲ್ಲ ಕಾರಣಗಳೂ ಕೈಗೆ ಸಿಗುವ ಹಾಗೆ ಜೋಡಿಸಿಟ್ಟಿದ್ದಂತೆ ಒಂದೇ ಉಸಿರಿಗೆ ಬಂದವು.

ಆ ಸಂಜೆ ಸೂಟ್‌ಕೇಸು ಒಳಗೆ ಎಳೆಯುವಾಗ ನಾನು, “ಓಗ್ಬುಟ್ಟು ಬಾ” ಎಂದೆ.

“ನೀವಿಲ್ದೆ?”

“ನಾನ್ ಬಂದ್ರೆ ನೀನು ಸಮುದ್ರ ನೋಡೀಯಾ, ನನ್ ಬಾಯಿಗೆ ಕವರ್ ಹಿಡ್ಕಂಡ್ ಕುಂತೀಯಾ?”

ಅವಳಿಗೆ ನಗು ಬಂತು. ನಗು ನಿಂತ ಮೇಲೆ, “ಗಂಡನ್ ಬುಟ್ಟು ಬಂದವ್ಳೆ ಅಂದ್ಕತಾರೆ” ಎಂದಳು.

“ಅಂದ್ಕಳ್ಲಿ. ಅಂದ್ಕಳೋರು ಬ್ಯಾಗ್ ತಗಳಕ್ ನಮ್ಮಂಗ್ಡಿಗೇ ಬರ್ಬೇಕು.”

“ಸಮುದ್ರ ಎಂಗದೆ ಅಂತ ನೀವೇ ಯೋಳಿದ್ರಲ್ಲ, ಅಷ್ಟೇ ಸಾಕು ಕಣ್ರಿ ನಂಗೆ.”

ನಾನು ಸೂಟ್‌ಕೇಸು ಬಿಟ್ಟು ನಿಂತೆ. “ನಾನ್ ಯೋಳಿದ್ದು ಕೇಳಿದ್ದು ಕಣೆ. ನೋಡಿದ್ದಲ್ಲ. ನಮ್ಮನೇಲಿ ಒಬ್ರಾದ್ರೂ ನೋಡ್ದೋರು ಇರ್ಬೇಕು” ಎಂದೆ. ಆ ರಾತ್ರಿ ಅವಳು ಊಟಕ್ಕೆ ಬಡಿಸುವಾಗ ನನಗೆ ಎರಡು ಸಲ ಸಾರು ಹಾಕಿದಳು, ಮುದ್ದೆ ಹಾಕುವುದು ಮರೆತಳು.

ಅಡ್ಡಿ ಬಂದದ್ದು ಅವ್ವನಿಂದ. ಅವ್ವನಿಗೆ ಈಗ ಎಂಬತ್ತರ ಹತ್ತಿರ. ಕಿವಿ ಚುರುಕು, ಮಂಡಿ ಮಂದ. “ನಮ್ಮನೇಲಿ ಎಣ್ಮಕ್ಳು ಗಂಡನ್ ಬುಟ್ಟು ಊರೂರ್ ತಿರುಗ್ದೋರಿಲ್ಲ” ಎಂದು ಒಂದೇ ಮಾತು ಹೇಳಿ ಗೋಡೆಯ ಕಡೆ ತಿರುಗಿದಳು. ಅವ್ವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಿಂದೆ ಜಯಮ್ಮಕ್ಕನ ತಾಯಿ ಹೇಳಿದ್ದ ಒಂದು ಸಂಗತಿ ನೆನಪಾಯಿತು. ನಾನು ಕೈಕೂಸಾಗಿದ್ದಾಗ ಬೀದಿಯ ಹೆಂಗಸರೆಲ್ಲ ವ್ಯಾನು ಮಾಡಿಕೊಂಡು ಮಂತ್ರಾಲಯಕ್ಕೆ ಹೊರಟಿದ್ದರಂತೆ. ಅವ್ವನೂ ನನ್ನನ್ನು ಎತ್ತಿಕೊಂಡು ಹತ್ತಿದ್ದಳಂತೆ. ನಾನು ಹಾಲು ನಿಲ್ಲಿಸಿಕೊಳ್ಳದೆ, ಅತ್ತು ಅತ್ತು ಕಣ್ಣು ತೇಲಿಸಿದೆನಂತೆ. ನರಸೀಪುರದಲ್ಲಿ ಅವ್ವ ವ್ಯಾನು ನಿಲ್ಲಿಸಿ ಇಳಿದು, “ನೀವ್ ಓಗಿ” ಎಂದು ಕೈ ಬೀಸಿ, ನನ್ನನ್ನು ಹೆಗಲಿಗೆ ಹಾಕಿಕೊಂಡು ನೆರಳಿನಲ್ಲಿ ಬಹಳ ಹೊತ್ತು ಕೂತಿದ್ದು ವಾಪಸು ಬಂದಳಂತೆ. ಆಮೇಲೆ ಯಾರು ಯಾತ್ರೆಗೆ ಕರೆದರೂ ಹೋಗಲಿಲ್ಲ. ಈ ಮಾತನ್ನು ಅವ್ವ ನನಗೆ ಎಂದೂ ಹೇಳಿದವಳಲ್ಲ, ನಾನೂ ಕೇಳಿದವನಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಊರೂರು ತಿರುಗಿದವರಲ್ಲ, ನಿಜ. ತಿರುಗದೇ ಇರುವುದಕ್ಕೆ ಎರಡು ತಲೆಮಾರಿಗೂ ನನ್ನ ಹೊಟ್ಟೆಯೇ ಕಾರಣ.

ಅದಕ್ಕೇ ನಾನು ಅವ್ವನ ಜೊತೆ ವಾದ ಮಾಡಲಿಲ್ಲ. ಜಯಮ್ಮಕ್ಕನಿಗೆ ರತ್ನನ ಹೆಸರು ಕೊಟ್ಟು ಬಂದೆ.

ಹೊರಡುವ ಮುಂಚಿನ ದಿನಗಳಲ್ಲಿ ನನ್ನ ಉಪದೇಶಕ್ಕೆ ಮಿತಿಯೇ ಇರಲಿಲ್ಲ. ಇಷ್ಟು ವರ್ಷ ಪರರಿಗೆ ಹಂಚಿದ್ದನ್ನೆಲ್ಲ ಮನೆಯವಳಿಗೆ ಒಟ್ಟಾಗಿ ಕೊಡುವ ಅವಕಾಶ! ದಿಂಬಂ ಘಾಟಿಯಲ್ಲಿ ಕೆಳಗೆ ನೋಡಬೇಡ. ಪಳನಿಯಲ್ಲಿ ಚಪ್ಪಲಿ ಬಸ್ಸಿನಲ್ಲೇ ಬಿಡು. ರಾಮೇಶ್ವರದಲ್ಲಿ ತೀರ್ಥದ ಬಾವಿಗಳಲ್ಲಿ ಮಿಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒಳಗೆ ಬಿಡುವುದಿಲ್ಲ, ಒಣ ಸೀರೆ ಮೇಲ್ಗಡೆಯೇ ಇಟ್ಟುಕೋ. ಕನ್ಯಾಕುಮಾರಿಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಲು ಎಲ್ಲರೂ ನಿಲ್ಲುವ ಕಡೆ ನಿಲ್ಲಬೇಡ, ಸ್ವಲ್ಪ ಪಕ್ಕಕ್ಕೆ ಹೋಗು. ಅವಳು ಹೂಂ ಹೂಂ ಎನ್ನುತ್ತಾ ಚಕ್ಕುಲಿ ಕರಿಯುತ್ತಿದ್ದಳು. ಯಳಂದೂರಿನಿಂದ ಮಗಳು ಬಂದು ಫೋನಿನಲ್ಲಿ ಮುಖ ನೋಡಿ ಮಾತಾಡುವುದು ಹೇಗೆಂದು ಹೇಳಿಕೊಟ್ಟು ಹೋದಳು.

ಹೊರಡುವ ಬೆಳಗಿನ ಜಾವ ರತ್ನ ಅವ್ವನ ಕಾಲು ಮುಟ್ಟಿದಳು. ಅವ್ವ ಗೋಡೆಯ ಕಡೆಯೇ ಮಲಗಿದ್ದಳು. ನಿದ್ದೆಯಲ್ಲಿ ಇಲ್ಲ ಎಂದು ಮೂವರಿಗೂ ಗೊತ್ತಿತ್ತು. ರತ್ನ ಹೊಸಿಲು ದಾಟುವಾಗ ಗೋಡೆಯ ಕಡೆಯಿಂದ ಮಾತು ಬಂತು: “ಕಿಟ್ಕಿ ತಾವ್ ಕುಂತ್ಕಬ್ಯಾಡ. ತಲೆಗ್ ಗಾಳಿ ಒಡೀತದೆ.”

ರತ್ನ ನನ್ನ ಮುಖ ನೋಡಿದಳು. ಅವ್ವನಿಂದ ಇದಕ್ಕಿಂತ ದೊಡ್ಡ ಆಶೀರ್ವಾದ ಸಿಗುವುದಿಲ್ಲ ಎಂದು ನಾನು ಕಣ್ಣಿನಲ್ಲೇ ಹೇಳಿದೆ.

ಬಸ್ಸು ಹೋದ ಮೇಲೆ ಮನೆಗೆ ಬಂದು ನಾನು ಉಪ್ಸಾರು ಮಾಡಿದೆ. ಉಪ್ಪು ಇತ್ತು, ಸಾರು ಇರಲಿಲ್ಲ. ಮುದ್ದೆಯ ನಡುವೆ ಹಸಿ ಹಿಟ್ಟಿನ ಗಂಟು. ಅವ್ವ ಗಂಟನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟು ಸುಮ್ಮನೆ ಉಂಡಳು. ಮಾತು ಬಿಟ್ಟಿದ್ದಾಳೆ ಎಂದುಕೊಂಡೆ. ಸಂಜೆ ದೀಪ ಹಚ್ಚಿದ ಮೇಲೆ ತಾನಾಗಿ ಕೇಳಿದಳು.

“ಈಗ ಎಲ್ಲವ್ಳೆ?”

“ಪಳನೀಲಿ ಅವ್ವ.”

“ಅಲ್ಲೇನದೆ?”

ನಾನು ಪಳನಿ ಹೇಳಿದೆ. ಬೆಟ್ಟ, ಮೆಟ್ಟಿಲು, ಪಂಚಾಮೃತ, ತಲೆ ಬೋಳಿಸಿಕೊಂಡ ಮಕ್ಕಳು. ಅವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಮರುದಿನ ಮಧ್ಯಾಹ್ನವೇ ಕೇಳಿದಳು, “ಈಗ?” ಮಧುರೆ ಎಂದೆ.

“ಆ ಮೀನಾಕ್ಷಮ್ಮನ್ ಗುಡಿ ನಮ್ ಮಾದಪ್ಪನ್ ಗುಡಿಗಿಂತ್ಲೂ ದೊಡ್ದಾ?”

“ದೊಡ್ದಂತೆ ಅವ್ವ.”

“ದೊಡ್ದಾದ್ರೆ ಸುತ್ತಾಕೆ ಕಾಲ್ ನೋಯ್ತದೆ. ಕಾಫಿ ಕುಡುದ್ಳಾ?”

ಇಷ್ಟು ವರ್ಷ ಅಂಗಡಿಗೆ ಬಂದವರಿಗೆ ಊರು ಹೇಳಿದ್ದೇನೆ. ಅವ್ವನಿಗೆ ಒಮ್ಮೆಯೂ ಹೇಳಿರಲಿಲ್ಲ. ಅವಳು ಕೇಳುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ. ಆ ದಿನಗಳಲ್ಲಿ ನಾನು ಗಿರಾಕಿಗಳನ್ನು ಬೇಗ ಕಳಿಸಿ ಒಳಗೆ ಹೋಗುತ್ತಿದ್ದೆ. ಅವ್ವ ಕಾಲು ನೀಡಿ ಕುಳಿತು, ರಾಮೇಶ್ವರದ ಬಾವಿಗಳ ನೀರು ಒಂದೊಂದರದ್ದೂ ಬೇರೆ ಬೇರೆ ರುಚಿಯಂತೆ ಎಂದು ನಾನು ಹೇಳಿದರೆ, “ಅದೆಂಗ್ಲಾ?” ಎಂದು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ರತ್ನನ ಫೋನು ಬಂದರೆ ನನಗಿಂತ ಮುಂಚೆ ಅವ್ವನ ಪ್ರಶ್ನೆ. ರತ್ನ ಅಲ್ಲಿಂದ ಏನು ಹೇಳಿದಳೋ ಅದಕ್ಕೂ ನಾನು ಹೇಳಿದ್ದಕ್ಕೂ ಸ್ವಲ್ಪ ವ್ಯತ್ಯಾಸ ಬಂದರೆ ನನ್ನನ್ನು ಗದರುತ್ತಿದ್ದಳು.

ರಾಮೇಶ್ವರ ಬಿಟ್ಟು ಕನ್ಯಾಕುಮಾರಿಗೆ ಹೊರಟ ದಿನ ಫೋನು ಬರಲಿಲ್ಲ. ನನ್ನ ಲೆಕ್ಕದ ಪ್ರಕಾರ ಮಧ್ಯಾಹ್ನದ ಊಟಕ್ಕೆ ಅವರು ಕನ್ಯಾಕುಮಾರಿಯಲ್ಲಿ ಇರಬೇಕು. ನಾನು ಮಾಡಿದರೆ ಸ್ವಿಚ್ ಆಫ್. ಜಯಮ್ಮಕ್ಕನದೂ ಸಿಗುತ್ತಿಲ್ಲ. ಅವ್ವ ಮಂಡಿ ಹಿಡಿದುಕೊಂಡು ಪರದೆ ದಾಟಿ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕುಳಿತಳು. ಅವ್ವ ಅಂಗಡಿಗೆ ಬಂದು ಎಷ್ಟು ಕಾಲವಾಗಿತ್ತೋ.

“ಬಾ ಅಂತ ಬಲವಂತ ಮಾಡಿದ್ ಜಯಮ್ಮನ್ನ ಕೇಳ್ಲಾ.”

“ಅವ್ರೂ ಅದೇ ಬಸ್ನಲ್ಲವ್ರೆ ಅವ್ವ.”

“ಅಂಗಾರೆ ಇನ್ಯಾರ್ನ ಕೇಳೀಯೆ?”

ಯಾರನ್ನು ಕೇಳಲಿ? ಆ ದಾರಿಯ ಪ್ರತಿ ಊರನ್ನೂ ಬಾಯಿಪಾಠ ಒಪ್ಪಿಸಬಲ್ಲ ನಾನು, ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟವನಲ್ಲ. ಅವಳಿಗೆ ಏನಾದರೂ ಆಗಿದ್ದರೆ ಹೋಗಿ ನಿಲ್ಲಲೂ ನನ್ನಿಂದಾಗದು. ಕಳಿಸಿದ್ದು ದೊಡ್ಡತನವೆಂದು ಒಳಗೊಳಗೇ ಬೀಗಿದ್ದೆ. ಈಗ ಆ ದೊಡ್ಡತನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು. ಅಷ್ಟರಲ್ಲಿ ಗುರುಸಿದ್ದಪ್ಪ ಸೂಟ್‌ಕೇಸು ಎಳೆದುಕೊಂಡು ಬಂದ. ಚಕ್ರ ಸರಿಯಾಗಿ ತಿರುಗುತ್ತಿಲ್ಲವಂತೆ, ಹೊರಡುವುದು ನಾಳೆ, ಊರು ಇನ್ನೂ ತೀರ್ಮಾನ ಆಗಿಲ್ಲ. ನಾನು ಚಕ್ರಕ್ಕೆ ಎಣ್ಣೆ ಬಿಡುತ್ತಾ, ಅವನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾ, ಫೋನಿನ ಮೇಲೇ ಕಣ್ಣಿಟ್ಟಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಡಿದುಕೊಂಡಿತು. ಒತ್ತಿದರೆ ಫೋನಿನ ತುಂಬ ಆಕಾಶ, ಆಮೇಲೆ ಮರಳು, ಯಾರದೋ ಪಾದ, ಹಾರುವ ಕೂದಲು, ಮತ್ತೆ ಆಕಾಶ.

“ಕಾಣ್ತದಾ? ರೀ, ಕಾಣ್ತದಾ?” ರತ್ನನ ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತಿತ್ತು.

“ಎಲ್ಲಿದ್ದೀಯೆ? ಯಾಕ್ ಫೋನ್ ಸಿಗ್ಲಿಲ್ಲ?”

“ಚಾರ್ಜ್ ಇರ್ಲಿಲ್ಲ ಕಣ್ರಿ. ಬಸ್ಸಿನ್ ಟಯರ್ ಒಡೆದೋಯ್ತು. ಯಾವ್ದೋ ಊರು. ಬೆಸ್ತರ ಮನೇಲಿ ಚಾರ್ಜಿಗಾಕಿಸ್ಕಂಡೆ. ನಮ್ಗೆಲ್ಲ ಟೀ ಕೊಟ್ರು. ಸಮುದ್ರ ಮನೆ ಇತ್ಲಲ್ಲೇ ಅದೆ! ರಾಮೇಶ್ವರದಲ್ಲಿ ಕೆರೆ ನೀರಂಗೆ ಸುಮ್ನಿತ್ತು, ಇಲ್ಲಿ ದೊಡ್ ದೊಡ್ ಅಲೆ ಬತ್ತದೆ! ನೋಡಿ, ನೋಡಿ!”

ಅವಳು ತೋರಿಸುವ ಉತ್ಸಾಹದಲ್ಲಿ ಫೋನು ಹಿಡಿದು ಓಡುತ್ತಿದ್ದಳು. ಸಮುದ್ರ ಮೇಲಕ್ಕೆ ಹೋಯಿತು, ಎಡಕ್ಕೆ ವಾಲಿತು, ತಲೆಕೆಳಗಾಯಿತು. ನಾನು ಟೇಬಲ್ಲಿನ ಅಂಚು ಹಿಡಿದುಕೊಂಡೆ. ಬಾಯಲ್ಲಿ ನೀರೂರಿತು. ಕೊಳ್ಳೇಗಾಲದ ನನ್ನ ಸ್ವಂತ ಅಂಗಡಿಯಲ್ಲಿ, ಸ್ವಂತ ಕುರ್ಚಿಯ ಮೇಲೆ ಕುಳಿತು ನನಗೆ ತಾಳಬೆಟ್ಟದ ತಿರುವು ಬಂದಂತಾಯಿತು.

“ಅಲ್ಲಾಡಿಸ್ಬ್ಯಾಡ ಕಣೆ” ಎಂದೆ, ಕಣ್ಣು ಮುಚ್ಚಿ.

ಅತ್ತ ಕಡೆ ಓಟ ನಿಂತಿತು. “ಅಯ್ಯೋ, ಮರ್ತೇಬುಟ್ಟೆ ನೋಡಿ. ತಡೀರಿ, ಒಸಿ ತಡೀರಿ. ಕಣ್ ಬುಡ್ಬ್ಯಾಡಿ, ನಾನ್ ಯೋಳೋಗಂಟ.”

ಖರಖರ ಸದ್ದು. ಮರಕ್ಕೆ ಏನೋ ತಾಗಿದ ಸದ್ದು. ಅವಳು ಯಾರಿಗೋ ತಮಿಳಿನಲ್ಲಿ ಏನೋ ಹೇಳಿದಳು, ಒಬ್ಬ ಹೆಂಗಸು ನಕ್ಕಳು.

“ಈಗ್ ಬುಡಿ. ದೋಣಿ ಮ್ಯಾಲ್ ಒರಗ್ಸಿವ್ನಿ. ಅಲ್ಲಾಡಕಿಲ್ಲ.”

ಕಣ್ಣು ಬಿಟ್ಟೆ. ಬೋರಲು ಹಾಕಿದ ದೋಣಿಯ ಅಂಚು ಕೆಳಗೆ ಒಂದು ಗೆರೆಯಂತೆ ಕಾಣುತ್ತಿತ್ತು. ಅದರಾಚೆ ಸಮುದ್ರ. ಸ್ಥಿರವಾಗಿ, ನೆಟ್ಟಗೆ, ನನಗೋಸ್ಕರ ನಿಂತ ಸಮುದ್ರ. ಅಲೆ ಬರುತ್ತಿತ್ತು, ಹೋಗುತ್ತಿತ್ತು. ಹೊಟ್ಟೆ ತಣ್ಣಗಾಯಿತು. ಆಚೆ ದಡ ಇರಲಿಲ್ಲ. ನಾನು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದು ಇದನ್ನೇ. ಹೇಳಿದ್ದರಲ್ಲಿ ಇದು ಯಾವುದೂ ಇರಲಿಲ್ಲ.

ಅವ್ವ ಸ್ಟೂಲು ಜರುಗಿಸಿಕೊಂಡು ನನ್ನ ಹೆಗಲಿಗೆ ಗಲ್ಲ ತಾಗಿಸುವಷ್ಟು ಹತ್ತಿರ ಬಂದಳು. ಗುರುಸಿದ್ದಪ್ಪ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದ.

“ಇದ್ಯಾವೂರು ಸಾ? ನಮ್ಗೂ ಇದ್ನೇ ಯೋಳ್ಬುಡಿ.”

“ಗೊತ್ತಿಲ್ಲ ಕಣಪ್ಪ” ಎಂದೆ. “ಅವ್ಳ್ ಬರ್ಲಿ, ಅವ್ಳ್ನೇ ಕೇಳು.”

ರತ್ನ ಈಗ ಫೋನು ಮರೆತಿದ್ದಳು. ನಮಗೆ ಬೆನ್ನು ಮಾಡಿ ನೀರಿನ ಕಡೆ ನಡೆಯುತ್ತಿದ್ದಳು. ಸಂಘದ ಹೆಂಗಸರು ದೂರದಲ್ಲಿ ಕೈ ಕೈ ಹಿಡಿದು ಕೂಗಾಡುತ್ತಿದ್ದರು. ಅವಳು ಆ ಕಡೆ ಹೋಗಲಿಲ್ಲ, ಒಬ್ಬಳೇ ನಿಂತಳು. ಮೊದಲ ಅಲೆ ಪಾದಕ್ಕೆ ಬಂದಾಗ ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಎರಡನೆಯದಕ್ಕೆ ಇಡಲಿಲ್ಲ. ಮನೆಯಲ್ಲಿ ದಿನವೂ ಕಾಣುವ ಅದೇ ಬೆನ್ನು, ಅದೇ ತುರುಬು. ಆದರೂ ಯಾರೋ ಹೊಸಬಳನ್ನು ನೋಡುತ್ತಿದ್ದೇನೆ ಅನ್ನಿಸಿತು. ಇನ್ನೊಂದು ದೊಡ್ಡ ಅಲೆ ಬಂದು ಮಂಡಿಯವರೆಗೆ ಸುತ್ತಿಕೊಂಡಿತು. ಹೊಸ ಸೀರೆ, ನೆರಿಗೆ ಪೂರ್ತಿ ನೀರಿನಲ್ಲಿ ತೇಲುತ್ತಿತ್ತು. ಅವಳು ಎತ್ತಿ ಹಿಡಿಯಲೂ ಇಲ್ಲ.

ಉಪದೇಶ ಮಾಡುವ ಬಾಯಿ ಸುಮ್ಮನಿರುತ್ತದೆಯೇ? “ರತ್ನಾ, ಸೀರೆ…” ಎಂದು ಕೂಗಲು ಹೊರಟೆ.

ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಕಣ್ಣು ಫೋನಿನಿಂದ ಕೀಳಲಿಲ್ಲ.

“ಕೂಗ್ಬ್ಯಾಡ ಕಣ್ಲಾ. ನೆನೀಲಿ ಬುಡು.”